ಶಾಬಾದಿ ಕಲ್ಲು, ಸಂಜೆಯ ಪೇಪರು

ಶಹಾಬಾದಿನಲ್ಲಿ ಒಂದು ತೊಂದರೆ ಇದೆ. ಅಲ್ಲಿ ಕಲ್ಲು ವಿಪರೀತ ಅಗ್ಗ.

ಬೇರೆ ಊರುಗಳಲ್ಲಿ ಒಂದು ಸೂಚನೆ ಹಾಕಬೇಕೆಂದರೆ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸುತ್ತಾರೆ. ಮಳೆಗೆ ಅದು ನೆನೆಯುತ್ತದೆ, ಬಿಸಿಲಿಗೆ ಸುರುಳಿ ಸುತ್ತಿಕೊಳ್ಳುತ್ತದೆ, ಉಳಿದದ್ದನ್ನು ಆಡು ತಿನ್ನುತ್ತದೆ. ಬರೆದದ್ದರಲ್ಲಿ ತಪ್ಪಿದ್ದರೂ ಯಾರೂ ಚಿಂತೆ ಮಾಡಬೇಕಾಗಿಲ್ಲ. ಶಹಾಬಾದಿನಲ್ಲಿ ಹಾಗಲ್ಲ. ಅಲ್ಲಿ ಪರಸಿಯ ಮೇಲೆ ಕೆತ್ತಿಸಿ, ಸಿಮೆಂಟು ಮೆತ್ತಿ, ಗೋಡೆಯೊಳಗೆ ಕೂಡಿಸಿಬಿಡುತ್ತಾರೆ. (ಪರಸಿ ಅಂದರೆ ಗೊತ್ತಲ್ಲ? ನಮ್ಮ ಕಡೆ ಬಡವರ ಪಡಸಾಲೆಯಿಂದ ಹಿಡಿದು ರೈಲ್ವೆ ಪ್ಲಾಟ್‌ಫಾರ್ಮಿನವರೆಗೆ ಎಲ್ಲರ ಕಾಲ ಕೆಳಗೂ ಹಾಸಿರುವ ನುಣುಪು ಕಲ್ಲು.) ಹಾಗೆ ಕೂತ ಕಲ್ಲು ಮೊಮ್ಮಕ್ಕಳ ಕಾಲಕ್ಕೂ ಕದಲುವುದಿಲ್ಲ. ಸಿಮೆಂಟಿಗೂ ಆ ಊರಿನಲ್ಲಿ ಬರವಿಲ್ಲ ನೋಡಿ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಕಳೆದ ತಿಂಗಳು ನಮ್ಮ ಸಂಘ ತಾನೇ ಕೂಡಿಸಿದ ಕಲ್ಲಿನ ವಿರುದ್ಧ ತಾನೇ ಜಗಳಕ್ಕೆ ನಿಲ್ಲಬೇಕಾಯಿತು.

ಯಾವ ಸಂಘ? ಹೇಳುತ್ತೇನೆ.

ಈ ಅಂಕಣದ ಖಾಯಂ ಗಿರಾಕಿಗಳಿಗೆ ಗೊತ್ತಿರುವಂತೆ ನಾನು ಚಿತ್ತಾಪುರದ ವಾಚನಾಲಯ ನೋಡಿಕೊಳ್ಳುತ್ತೇನೆ. ಅಂದರೆ ಬೆಳಿಗ್ಗೆ ಬೀಗ ತೆಗೆಯುತ್ತೇನೆ, ಸಂಜೆ ಬೀಗ ಹಾಕುತ್ತೇನೆ, ನಡುವೆ ಕೋರ್ಟಿಗೆ ಬಂದ ಕಕ್ಷಿದಾರರು ಫ್ಯಾನಿನ ಕೆಳಗೆ ಮಲಗದಂತೆ ಕಾಯುತ್ತೇನೆ. ನನ್ನಂತೆಯೇ ಸೇಡಂ, ವಾಡಿ, ಶಹಾಬಾದ, ಚಿಂಚೋಳಿಯಲ್ಲಿ ಒಬ್ಬೊಬ್ಬರಿದ್ದಾರೆ. ನಾವು ಐದು ಜನ ಸೇರಿ ಒಂದು ಸಂಘ ಮಾಡಿಕೊಂಡಿದ್ದೇವೆ. ಐದೂರು ಗ್ರಂಥಪಾಲಕರ ಸಂಘ. ಅಧ್ಯಕ್ಷರಿದ್ದಾರೆ, ಉಪಾಧ್ಯಕ್ಷರಿದ್ದಾರೆ, ವಾಡಿಯವರು ಖಜಾಂಚಿ, ನಾನು ಕಾರ್ಯದರ್ಶಿ. ಸಾಮಾನ್ಯ ಸದಸ್ಯರೆಂದರೆ ಚಿಂಚೋಳಿಯ ನರಸಿಂಹಲು ಒಬ್ಬರೇ. ಹಾಗಾಗಿ ಅವರ ಮೇಲೆ ಎಲ್ಲ ಪದಾಧಿಕಾರಿಗಳ ಕಣ್ಣೂ ಇರುತ್ತದೆ, ಪಾಪ.

ನಮ್ಮ ಸಭೆ ನಡೆಯುವುದು ವಾಡಿ ಜಂಕ್ಷನ್ನಿನಲ್ಲಿ. ಸೇಡಂ, ಚಿತ್ತಾಪುರದ ಗಾಡಿ ಅಲ್ಲಿಗೇ ಬರುತ್ತದೆ, ಶಹಾಬಾದಿನದೂ ಅಲ್ಲಿಗೇ. ನರಸಿಂಹಲು ಮಾತ್ರ ಬಸ್ಸಿನಲ್ಲಿ ಸೇಡಮಿಗೆ ಬಂದು, ಅಲ್ಲಿಂದ ರೈಲು ಹತ್ತಿ, ಸಭೆ ಮುಟ್ಟುವ ಹೊತ್ತಿಗೆ ಅರ್ಧ ನಿದ್ದೆಯಲ್ಲಿರುತ್ತಾರೆ. ಪ್ಲಾಟ್‌ಫಾರ್ಮಿನ ಬೆಂಚು, ಚಹಾ, ಮಿರ್ಚಿ ಭಜಿ, ಆಮೇಲೆ ಠರಾವು. ಗಾಡಿ ಬಂದ ಕೂಡಲೇ ಸಭೆ ಮುಗಿಯಿತು. ಎಷ್ಟೋ ಠರಾವುಗಳು ಅರ್ಧ ವಾಕ್ಯದಲ್ಲೇ ನಿಂತಿವೆ. ಗಾಡಿ ತಡವಾದ ದಿನ ನಮ್ಮ ಸಂಘ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ.

ಸಂಘ ಶುರುವಾದಾಗ ಏನಾದರೂ ಘನಕಾರ್ಯ ಮಾಡಬೇಕಲ್ಲ? ಶಾಲು ಹೊದಿಸೋಣವೆಂದರೆ ಹೊದಿಸಿಕೊಳ್ಳುವವರು ನಾವೇ. ಆಗ ನಮ್ಮ ಅಧ್ಯಕ್ಷರು, ಸೇಡಮಿನ ವೀರಭದ್ರಪ್ಪನವರು, ಒಂದು ಸಲಹೆ ಕೊಟ್ಟರು. ಐದೂ ವಾಚನಾಲಯಗಳಿಗೆ ಸಂಘದ ವತಿಯಿಂದ ಒಂದೊಂದು ಸೂಚನಾಫಲಕ.

ವೀರಭದ್ರಪ್ಪನವರ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮೆಲ್ಲರಿಗಿಂತ ಹಿರಿಯರು. ಬಿಳಿ ಧೋತರ, ಕರಿ ಟೊಪ್ಪಿಗೆ, ಗುಂಡಿ ತಪ್ಪದ ಕೋಟು. ಅವರಿಗೆ ಮೌನ ಅಂದರೆ ಪ್ರಾಣ.

"ನನ್ನ ವಾಚನಾಲಯದಾಗ ಇಷ್ಟ ವರ್ಷದಾಗ ಒಬ್ಬರೂ ಕೆಮ್ಮಿಲ್ರಿ ಬಾಯಾರ," ಎಂದು, ನಮ್ಮ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವಂತೆ ಕರೆದು, ನನ್ನ ಮುಂದೆ ಹೆಮ್ಮೆಪಟ್ಟಿದ್ದಾರೆ.

(ಯಾರಾದರೂ ಬಂದರೆ ತಾನೇ ಕೆಮ್ಮುವುದು ಎಂದು ನಾನು ಹೇಳಲಿಲ್ಲ. ಹಿರಿಯರು.)

ಫಲಕದ ಕೆಲಸ ಶಹಾಬಾದಿನ ಇಸ್ಮಾಯಿಲ್ ಸಾಹೇಬರ ಪಾಲಿಗೆ ಬಂತು. ಅವರು ಆ ಊರಿನ ವಾಚನಾಲಯ ನೋಡಿಕೊಳ್ಳುವವರು, ನಮ್ಮ ಉಪಾಧ್ಯಕ್ಷರು. ಪೇಂಟರ್‌ಗೆ ಬರೆಸುವುದಕ್ಕಿಂತ ಕಲ್ಲಿನಲ್ಲಿ ಕೆತ್ತಿಸುವುದೇ ಸುಲಭ ಎಂದು ಅವರಿಗೆ ಅನ್ನಿಸಿತು. ಶಹಾಬಾದಿನವರಿಗೆ ಬೇರೇನು ಅನ್ನಿಸೀತು? ಹೀಗೆ ಐದು ಪರಸಿಗಳು ತಯಾರಾದವು. "ಮೌನವಾಗಿರಿ. ಇಲ್ಲಿ ಗಟ್ಟಿಯಾಗಿ ಓದಬಾರದು." ಕೆಳಗೆ ಸಂಘದ ಹೆಸರು, ಅದರ ಕೆಳಗೆ "ಮೈಸೂರು ರಾಜ್ಯ". ಮರುವರ್ಷವೇ ರಾಜ್ಯದ ಹೆಸರು ಕರ್ನಾಟಕ ಆಯಿತು. ಕಲ್ಲಿಗೆ ಅದು ತಿಳಿಯಲಿಲ್ಲ.

ಕೆತ್ತಿದವರು ಅಲ್ಲಿಯ ಪರಸಿ ಖಣಿಯ ಕೆಲಸಗಾರರು. ಅವರಲ್ಲಿ ಓದು ಬಂದವರು ಕಡಿಮೆ. ಬರೆದುಕೊಟ್ಟ ಅಕ್ಷರದ ಮೇಲೆ ಉಳಿ ಆಡಿಸಿ, ಕೊನೆಗೆ "ಏನಂತ ಕೆತ್ತೀವ್ರಿ ಸಾಹೇಬ್ರ?" ಎಂದು ಕೇಳಿದರಂತೆ. ಇಸ್ಮಾಯಿಲ್ ಸಾಹೇಬರು ಅವರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದರು.

ಇದೇ ಮಂದಿ ದಿನಾ ಸಂಜೆ ಆರಕ್ಕೆ ವಾಚನಾಲಯಕ್ಕೆ ಬರುತ್ತಾರೆ. ಖಣಿಯ ಕೆಲಸ ಮುಗಿಸಿ, ನಲ್ಲಿಯಲ್ಲಿ ಕೈಕಾಲು ತೊಳೆದು, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ತಣ್ಣನೆ ನೆಲದ ಮೇಲೆ ಕೂರುತ್ತಾರೆ. ಇಸ್ಮಾಯಿಲ್ ಸಾಹೇಬರು ಪೇಪರು ಬಿಚ್ಚಿ ಓದುತ್ತಾರೆ. ತಲೆಬರಹದಿಂದ ಹಿಡಿದು ಪೇಟೆ ಧಾರಣೆ, ಕಳೆದುಹೋದ ಎಮ್ಮೆ, ಟೆಂಡರ್ ನೋಟೀಸು, ಎಲ್ಲ. ಆಯ್ಕೆ ಮಾಡುವುದಿಲ್ಲ, ತಮ್ಮ ಟೀಕೆ ಸೇರಿಸುವುದಿಲ್ಲ. ವಾರಕ್ಕೊಮ್ಮೆ ವಾರಪತ್ರಿಕೆ ಬರುತ್ತದೆ. ಆ ದಿನ ಹೆಂಗಸರ ಕಡೆ ಕಾಲಿಡಲು ಜಾಗವಿರುವುದಿಲ್ಲ. ಯಾಕೆಂದರೆ ಅದರಲ್ಲಿ ಧಾರಾವಾಹಿ ಇದೆ.

ಕಲ್ಲು ತನ್ನ ಪಾಡಿಗೆ ಗೋಡೆಯಲ್ಲಿತ್ತು. ಓದು ತನ್ನ ಪಾಡಿಗೆ ನೆಲದ ಮೇಲೆ ನಡೆದಿತ್ತು. ಒಂದಕ್ಕೊಂದು ಸಂಬಂಧವಿದೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹೊಳೆದದ್ದು ಒಬ್ಬ ಖಣಿ ಮಾಲಕರಿಗೆ.

(ಹೆಸರು ಬೇಡ. ಈ ಪತ್ರಿಕೆಗೆ ದೀಪಾವಳಿ ಜಾಹೀರಾತು ಕೊಡುತ್ತಾರೆ.)

ಆದದ್ದಿಷ್ಟು. ಒಂದು ಸಂಜೆ ಪೇಪರಿನ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಇತ್ತು. ಕಲ್ಲುಗಣಿಯ ಕೆಲಸಗಾರರ ಕನಿಷ್ಠ ಕೂಲಿ ಹೆಚ್ಚಿಸುವ ವಿಚಾರ ಸರ್ಕಾರದ ಮುಂದಿದೆ ಎಂದು. ಎಮ್ಮೆ ಕಳೆದ ಸುದ್ದಿಯ ಪಕ್ಕದಲ್ಲೇ ಇತ್ತು. ಇಸ್ಮಾಯಿಲ್ ಸಾಹೇಬರು ಎಮ್ಮೆಯನ್ನೂ ಓದಿದರು, ಕೂಲಿಯನ್ನೂ ಓದಿದರು. ಮಾರನೆಯ ದಿನ ಖಣಿಯಲ್ಲಿ ಎಮ್ಮೆಯ ಬಗ್ಗೆ ಯಾರೂ ಮಾತಾಡಲಿಲ್ಲ.

ಅದೇ ವಾರ ಗುಲಬರ್ಗಾದ ಮೇಲಿನ ಆಫೀಸಿಗೆ ಮಾಲಕರ ದೂರು ಹೋಯಿತು. ಅದರಲ್ಲಿ ಕೂಲಿಯ ಸುದ್ದಿಯೇ ಇಲ್ಲ! ವಾಚನಾಲಯದಲ್ಲಿ ಸಂಜೆ ಗದ್ದಲ ಅತಿಯಾಗಿದೆ, ಓದುವವರಿಗೆ ತೊಂದರೆಯಾಗುತ್ತಿದೆ, ಗಟ್ಟಿಯಾಗಿ ಓದಬಾರದು ಎಂದು ಗ್ರಂಥಪಾಲಕರ ಸಂಘದವರೇ ಕಲ್ಲಿನಲ್ಲಿ ಕೆತ್ತಿಸಿದ್ದಾರೆ, ಪಾಲಿಸುವವರಿಲ್ಲ ಎಂದಿತ್ತು. ವಿಚಾರಣೆಯಾಗುವವರೆಗೆ ಸಂಜೆಯ ಓದು ನಿಲ್ಲಿಸಿ ಎಂದು ಆಫೀಸಿನಿಂದ ಸೂಚನೆ ಬಂತು.

ಗಮನಿಸಿದಿರಾ? ಓದಬೇಡಿ ಎಂದು ಯಾರೂ ಹೇಳುವುದಿಲ್ಲ. ಅಷ್ಟು ದಡ್ಡರು ಈಗ ಯಾರೂ ಇಲ್ಲ. ಗದ್ದಲ ಮಾಡಬೇಡಿ ಅನ್ನುತ್ತಾರೆ. ಚಾವಣಿ ಸೋರುತ್ತಿದೆ, ಸ್ವಲ್ಪ ದಿನ ಮುಚ್ಚೋಣ ಅನ್ನುತ್ತಾರೆ. ಈ ಕೋಣೆ ರೇಷನ್ ಗೋದಾಮಿಗೆ ಬೇಕಾಗಿದೆ ಅನ್ನುತ್ತಾರೆ. ಎಲ್ಲವೂ ನಮ್ಮ ಒಳ್ಳೆಯದಕ್ಕೇ. ಬೇಡ ಅನ್ನಲು ನಮಗೇ ನಾಚಿಕೆಯಾಗಬೇಕು, ಹಾಗಿರುತ್ತದೆ ಮಾತು.

ಇಸ್ಮಾಯಿಲ್ ಸಾಹೇಬರು ವಾಡಿಗೆ ಬಂದಾಗ ಮುಖ ಇಳಿದಿತ್ತು. ತಮಗೆ ವರ್ಗವಾದೀತೆಂಬ ಹೆದರಿಕೆ ಅಲ್ಲ ಅದು.

"ಅಡವಿಯಾಗಿನ ಕುಂಚಾವರಂಗಿ ಹಾಕಲ್ರಿ, ಹೋಗ್ತೀನಿ. ಅಲ್ಲೂ ಮಂದಿ ಇದ್ದಾರ," ಎಂದರು. "ಆದ್ರ ಈ ಮಂದಿಗಿ ಏನಂತ ಹೇಳ್ಲಿ? ಓದೋದು ಬಂದ್ ಅಂದ್ರೂ ದಿನಾ ಬರ್ಲಿಕತ್ತಾರ. ಸುಮ್ನ ಕುಂದರ್ತಾರ. ಪೇಪರ್ ನೋಡ್ತಾರ, ನನ್ನ ಮುಖ ನೋಡ್ತಾರ, ಎದ್ದು ಹೋಗ್ತಾರ. ನನಗಂತೂ ನೋಡ್ಲಿಕ್ಕಾಗಂಗಿಲ್ರಿ."

ಯಾರಿಗೂ ಭಜಿ ಸೇರಲಿಲ್ಲ. ನರಸಿಂಹಲು ಮಾತ್ರ ತಿನ್ನುತ್ತ ಹೇಳಿದರು.

"ನಮ್ಮ ಕಲ್ಲು ನಮ್ಮ ಕಾಲ ಮ್ಯಾಲೇ ಬಿತ್ತು."

ಆಮೇಲೆ ಅವರೇ ಒಂದು ಉಪಾಯವನ್ನೂ ಹೇಳಿದರು. "ಕಲ್ಲಿನ ಮ್ಯಾಲ ಮೈಸೂರು ರಾಜ್ಯ ಅಂತ ಅದ. ನಾವು ಈಗ ಕರ್ನಾಟಕದಾಗ ಇದ್ದೀವಿ. ಆ ಕಾಯ್ದೆ ಇಲ್ಲಿ ನಡೆಯಂಗಿಲ್ಲ ಅನ್ರಿ!"

ನನಗೆ ಇದು ಅದ್ಭುತ ಅನ್ನಿಸಿತು. ಬರೆದುಕೊಳ್ಳಲು ಹೊರಟೆ. ವೀರಭದ್ರಪ್ಪನವರು ಕಣ್ಣು ಬಿಟ್ಟರು, ಪೆನ್ನು ಮುಚ್ಚಿದೆ.

ಅಸಲು ತೊಡಕು ಇದ್ದದ್ದೇ ಅವರಲ್ಲಿ. ಸಂಘ ಒಂದು ಠರಾವು ಮಾಡಿ ಆಫೀಸಿಗೆ ಕಳಿಸಬೇಕು: ಶಹಾಬಾದಿನಲ್ಲಿ ಗಟ್ಟಿಯಾಗಿ ಓದಲು ಬಿಡಿ ಎಂದು. ಅಧ್ಯಕ್ಷರು ಸಹಿ ಮಾಡಬೇಕು. ಅಧ್ಯಕ್ಷರು ಒಲ್ಲೆ ಎಂದರು.

"ನಾವೇ ಹಾಕಿದ ನಿಯಮ ನಾವೇ ಮುರೀರಿ ಅಂತ ಹ್ಯಾಂಗ ಬರೀಲಿ? ಮಂದಿ ನಗಂಗಿಲ್ಲೇನು? ವಾಚನಾಲಯ ಅಂದ್ರ ಏನು, ಸಂತಿ ಏನು?"

"ಅವರಿಗಿ ಓದ್ಲಿಕ್ಕ ಬರಂಗಿಲ್ರಿ ಅಧ್ಯಕ್ಷರ," ಎಂದರು ಇಸ್ಮಾಯಿಲ್ ಸಾಹೇಬರು.

"ಕಲೀಲಿ."

"ಕಲೀತಾರ್ರಿ. ಅಲ್ಲೀ ತನಕ?"

ಅಷ್ಟರಲ್ಲಿ ಸೇಡಂ ಗಾಡಿ ಬಂತು. ನಮ್ಮ ದುರದೃಷ್ಟ, ಆ ದಿನ ಅದು ಸರಿಯಾದ ವೇಳೆಗೆ ಬಂತು. ಠರಾವು ಇಲ್ಲ, ಸಹಿ ಇಲ್ಲ. ಒಂದೇ ಒಪ್ಪಂದ: ವಿಚಾರಣೆಯ ದಿನ ಐದೂ ಜನ ಶಹಾಬಾದಿನಲ್ಲಿ ಹಾಜರಿರುವುದು. ಹಾಜರಿದ್ದು ಏನು ಹೇಳುವುದು ಎನ್ನುವುದು ತೀರ್ಮಾನವಾಗಿರಲಿಲ್ಲ.

ನಾನು ಗಾಡಿಯಲ್ಲಿ ಚಿತ್ತಾಪುರದವರೆಗೂ ಅವರೊಂದಿಗೆ ಮಾತಾಡಲಿಲ್ಲ. ಸಿಟ್ಟು ಬಂದಿತ್ತು. ಸಂಘ ಎಂದರೆ ಇಷ್ಟೇನಾ? ಗ್ರೂಪ್ ಫೋಟೋ ತೆಗೆಸುವಾಗ ಎಲ್ಲರೂ ಒತ್ತಿಕೊಂಡು ನಿಲ್ಲುವುದು, ಒಬ್ಬನ ಕುತ್ತಿಗೆಗೆ ಬಂದಾಗ ನಿಯಮದ ಹಿಂದೆ ನಿಲ್ಲುವುದು?

ವಿಚಾರಣೆ ಐದು ಗಂಟೆಗೆ ಇತ್ತು. ನಾವು ನಾಲ್ಕೂವರೆಗೇ ಶಹಾಬಾದಿನಲ್ಲಿದ್ದೆವು. ಐದಾಯಿತು, ಅಧಿಕಾರಿಗಳ ಸುಳಿವಿಲ್ಲ. ಗುಲಬರ್ಗಾ ಕಡೆಯ ಗಾಡಿ ತಡ ಎಂದು ಸ್ಟೇಷನ್ನಿಂದ ಸುದ್ದಿ ಬಂತು. ಅವರನ್ನು ಕರೆತರಲು ಮಾಲಕರು ತಮ್ಮ ಜೀಪು ತೆಗೆದುಕೊಂಡು ತಾವೇ ಸ್ಟೇಷನ್ನಿಗೆ ಹೋಗಿದ್ದಾರೆಂದೂ ತಿಳಿಯಿತು. (ಅತಿಥಿ ಸತ್ಕಾರದಲ್ಲಿ ನಮ್ಮ ಕಡೆಯವರನ್ನು ಮೀರಿಸುವವರಿಲ್ಲ.)

ಆರಾಯಿತು. ನಲ್ಲಿಯ ಸದ್ದು ಕೇಳಿತು. ಒಬ್ಬೊಬ್ಬರೇ ಒಳಗೆ ಬಂದರು. ತಲೆಯ ಮೇಲೆ ಇನ್ನೂ ಕಲ್ಲಿನ ಬಿಳಿ ಪುಡಿ. ನೆಲದ ಮೇಲೆ ತಮ್ಮ ತಮ್ಮ ಜಾಗದಲ್ಲಿ ಕೂತರು. ಇಸ್ಮಾಯಿಲ್ ಸಾಹೇಬರು ಮೇಜಿನ ಹಿಂದೆ ತಲೆ ತಗ್ಗಿಸಿ ಕೂತಿದ್ದರು. ಮೇಜಿನ ಮೇಲೆ ಆ ದಿನದ ಪೇಪರು, ಆ ವಾರದ ವಾರಪತ್ರಿಕೆ. ಎಲ್ಲರೂ ಅವನ್ನೇ ನೋಡುತ್ತ ಕೂತರು. ನಿಜ ಹೇಳುತ್ತೇನೆ, ಅಷ್ಟು ಪರಿಪೂರ್ಣವಾದ ಮೌನವನ್ನು ನಾನು ಯಾವ ವಾಚನಾಲಯದಲ್ಲೂ ನೋಡಿಲ್ಲ.

ವೀರಭದ್ರಪ್ಪನವರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಅವರಿಗೆ ಇದು ಸ್ವರ್ಗವಾಗಬೇಕಿತ್ತಲ್ಲ? ಆದರೆ ಎರಡು ಸಲ ಕೋಟಿನ ಗುಂಡಿ ಮುಟ್ಟಿಕೊಂಡರು, ಒಂದು ಸಲ ಕೆಮ್ಮಿದರು!

ಹೆಂಗಸರ ಕಡೆಯಿಂದ ಹಣಮವ್ವ ಎದ್ದಳು. ಖಣಿಯಲ್ಲಿ ಕಲ್ಲು ಹೊರುವವಳು, ನಡುವಯಸ್ಸಿನವಳು, ಬಾಯಿ ಜೋರು. ಕೋಟು, ಟೊಪ್ಪಿಗೆ ನೋಡಿ ದೊಡ್ಡವರು ಇವರೇ ಎಂದುಕೊಂಡು ನೆಟ್ಟಗೆ ವೀರಭದ್ರಪ್ಪನವರ ಮುಂದೆ ಬಂದು ನಿಂತಳು.

"ಯಪ್ಪಾ, ಕಾಯ್ದೆ ಗೀಯ್ದೆ ನಮಗ ತಿಳಿಯಂಗಿಲ್ರಿ. ಆ ಪೋರಿ ಗಾಡಿ ಹತ್ತಿದಳೋ ಇಲ್ಲೋ, ಅಷ್ಟ ಹೇಳಿಬಿಡ್ರಿ, ಹೋಗ್ತೀವಿ."

"ಯಾವ ಪೋರಿ?" ಅಧ್ಯಕ್ಷರು ಗಾಬರಿಯಾದರು.

ಧಾರಾವಾಹಿಯ ಪೋರಿ. ಸೋದರಮಾವನ ಮನೆಯ ಕಾಟ ತಾಳಲಾರದೆ ಗಂಟು ಕಟ್ಟಿಕೊಂಡು ಸ್ಟೇಷನ್ನಿಗೆ ಬಂದಿದ್ದಾಳೆ. ಟಿಕೆಟ್ಟಿನ ಕಿಟಕಿಯ ಮುಂದೆ ನಿಂತಿದ್ದಾಳೆ. ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದಿದ್ದಾರೆ. ಅಲ್ಲಿಗೆ "ಮುಂದುವರಿಯುವುದು" ಎಂದು ಬಂದು, ಅದರ ಹಿಂದೆಯೇ ಆಫೀಸಿನ ಸೂಚನೆಯೂ ಬಂದಿತ್ತು. ಅಂದಿನಿಂದ ಖಣಿಯ ಹೆಂಗಸರೆಲ್ಲ ಆ ಕಿಟಕಿಯ ಮುಂದೆಯೇ ನಿಂತಿದ್ದಾರೆ.

"ನಾನು ಧಾರಾವಾಹಿ ಓದಂಗಿಲ್ಲ," ಎಂದರು ವೀರಭದ್ರಪ್ಪನವರು.

"ನಾವೂ ಓದಂಗಿಲ್ರಿ," ಎಂದಳು ಹಣಮವ್ವ. "ಕೇಳ್ತೀವಿ."

ಇಸ್ಮಾಯಿಲ್ ಸಾಹೇಬರಿಗೆ ಓದಬಾರದೆಂದು ಸೂಚನೆ ಇದೆ. ಅಧ್ಯಕ್ಷರಿಗೆ ಅಂಥ ಸೂಚನೆ ಇಲ್ಲ. ಈ ಮಾತನ್ನು ನಾನು ಯಾರಿಗೂ ಹೇಳುವಂತಲ್ಲದೆ, ಕಿಟಕಿಯ ಕಡೆ ನೋಡುತ್ತ ಹೇಳಿದೆ. ವೀರಭದ್ರಪ್ಪನವರು ನನ್ನ ಕಡೆ ಒಮ್ಮೆ ದುರುಗುಟ್ಟಿ ನೋಡಿ, ವಾರಪತ್ರಿಕೆ ಕೈಗೆ ತೆಗೆದುಕೊಂಡರು. ಮೊದಲ ಸಾಲನ್ನು ಯಾರಿಗೂ ಕೇಳದ ಹಾಗೆ ಓದಿದರು.

"ಜರಾ ಜೋರಾಗಿ ಓದ್ರಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಎರಡನೆಯ ಸಾಲು ಸ್ವಲ್ಪ ಗಟ್ಟಿಯಾಯಿತು. ಮೂರನೆಯ ಪ್ಯಾರಾದ ಹೊತ್ತಿಗೆ ಏನಾಯಿತೋ, ಆ ಮನುಷ್ಯನ ದನಿಯೇ ಬದಲಾಯಿತು. ಸೋದರಮಾವ ಬಂದಾಗ ಗುಡುಗಿದರು, ಪೋರಿ ಅಳುವಾಗ ದನಿ ಸಣ್ಣ ಮಾಡಿದರು, ನಡುನಡುವೆ ನಿಲ್ಲಿಸಿ "ಕೇಳಿದ್ರಿಲ್ಲೋ?" ಎಂದು ಸುತ್ತ ನೋಡಿದರು. ಜನ "ಹೂಂನ್ರಿ" ಎಂದರು. ನಾವು ನಾಲ್ವರೂ ಬಾಯಿ ತೆರೆದುಕೊಂಡು ಕೂತೆವು. ಆಮೇಲೆ ತಿಳಿದದ್ದೇನೆಂದರೆ, ಅವರ ಅಪ್ಪ ಊರಿನ ಗುಡಿಯಲ್ಲಿ ಶ್ರಾವಣ ಪೂರ್ತಿ ಪುರಾಣ ಓದುತ್ತಿದ್ದವರಂತೆ. ಚಿಕ್ಕಂದಿನಲ್ಲಿ ಅಪ್ಪನಿಗೆ ಸುಸ್ತಾದಾಗ ಮಗನೇ ಓದುತ್ತಿದ್ದನಂತೆ. ಇಷ್ಟು ವರ್ಷ ಅದನ್ನು ಕೋಟಿನೊಳಗೆ ಗುಂಡಿ ಹಾಕಿ ಇಟ್ಟುಕೊಂಡಿದ್ದರು.

ಪೋರಿ ಗಾಡಿ ಹತ್ತಿದಳು. ಹೆಂಗಸರು ಹೋ ಎಂದರು, ಯಾರೋ ಚಪ್ಪಾಳೆ ತಟ್ಟಿದರು, ಹಣಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಗದ್ದಲದಲ್ಲಿ ಹೊರಗೆ ಜೀಪು ನಿಂತದ್ದು ಯಾರಿಗೂ ಕೇಳಿಸಲಿಲ್ಲ.

ಅಧಿಕಾರಿಗಳು ಬಾಗಿಲಲ್ಲಿದ್ದರು. ಪಕ್ಕದಲ್ಲಿ ಮಾಲಕರು, ಲಾಟರಿ ಹೊಡೆದ ಮುಖ.

"ಇಲ್ಲಿ ಗಟ್ಟಿಯಾಗಿ ಓದುತ್ತಿರುವವರು ಯಾರು?"

"ನಾನ್ರಿ," ಎಂದರು ವೀರಭದ್ರಪ್ಪನವರು. ಎದ್ದು ನಿಂತರು. ವಾರಪತ್ರಿಕೆ ಕೈಯಲ್ಲೇ ಇತ್ತು.

"ತಾವು ಯಾರು?"

"ಸಂಘದ ಅಧ್ಯಕ್ಷ."

"ಯಾವ ಸಂಘ?"

ವೀರಭದ್ರಪ್ಪನವರು ಗೋಡೆಯ ಕಲ್ಲಿನ ಕಡೆ ಕೈ ತೋರಿಸಿದರು.

ಅಧಿಕಾರಿಗಳು ಕಲ್ಲನ್ನು ಓದಿದರು. ಅಧ್ಯಕ್ಷರನ್ನು ನೋಡಿದರು. ಮತ್ತೆ ಕಲ್ಲನ್ನು ಓದಿದರು. ಒಳ್ಳೆಯ ಮನುಷ್ಯ, ನಗು ತಡೆದುಕೊಳ್ಳಲು ಕರವಸ್ತ್ರ ತೆಗೆದರು.

ಒಲ್ಲೆ ಎಂದವರು ಈಗ ಏನು ಹೇಳುತ್ತಾರೆ? ತಪ್ಪಾಯಿತು ಎಂದು ಕೂತುಬಿಟ್ಟರೆ ಸಂಜೆಯ ಓದು ಆ ಹೊತ್ತಿಗೇ ಮುಗಿಯಿತು.

"ಸಾಹೇಬ್ರ, ಈ ಕಲ್ಲು ಹಾಕಿಸಿದಾವ ನಾನೇ," ಎಂದು ಶುರು ಮಾಡಿದರು. "ಒಬ್ಬ ಓದೋ ಮುಂದ ಇನ್ನೊಬ್ಬ ಗದ್ಲ ಮಾಡಬಾರದು ಅಂತ ಹಾಕಿಸೀನಿ. ಇವರು ಗದ್ಲ ಮಾಡ್ಲಿಕತ್ತಿಲ್ಲ. ಇವರು ಓದ್ಲಿಕತ್ತಾರ. ಇವರು ಓದೋದು ಹಿಂಗ. ಶ್ರಾವಣದಾಗ ಪುರಾಣ ಮನಸಿನ್ಯಾಗ ಓದ್ತಾರೇನ್ರಿ? ಒಬ್ಬ ಓದ್ತಾನ, ಊರೇ ಕೇಳ್ತದ. ಅದಕ್ಕ ಗದ್ಲ ಅಂತೀವೇನು? ಇಲ್ಲಿ ಯಾರಿಗಿ ತೊಂದ್ರಿ ಆಗ್ಯಾದ, ಕೈ ಎತ್ತಲಿ."

ಮಾಲಕರು ಕೈ ಎತ್ತಿದರು.

ಇಲ್ಲಿ ನಾನು ನನ್ನ ಜಾಣತನ ತೋರಿಸಿದೆ. ಕಾರ್ಯದರ್ಶಿಯಲ್ಲವೇ? ಎದ್ದು ನಿಂತು, ತೊಂದರೆಯಾಯಿತು ಅನ್ನಲು ಮೊದಲು ವಾಚನಾಲಯದ ಸದಸ್ಯರಾಗಿರಬೇಕು, ಮಾಲಕರು ಸದಸ್ಯರಲ್ಲ, ಆದ್ದರಿಂದ ದೂರು ಬಿದ್ದುಹೋಯಿತು ಎಂದು ಘೋಷಿಸಿದೆ. ನರಸಿಂಹಲು ಚಪ್ಪಾಳೆಗೆ ಕೈ ಎತ್ತಿಯೂ ಬಿಟ್ಟರು.

ಮಾಲಕರು ಹಲ್ಲು ಬಿಟ್ಟರು. "ಹಂಗಾದ್ರ ಮಾಡಕೋರಿ ಬಾಯಾರ. ಇವತ್ತೇ ಆಗ್ತೀನಿ ಸದಸ್ಯ. ನಾಳಿಂದ ದಿನಾ ಆರಕ್ಕ ಬಂದು ಕುಂದರ್ತೀನಿ."

ಇಸ್ಮಾಯಿಲ್ ಸಾಹೇಬರು ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡರು. ಬೇರೆ ದಾರಿ ಏನಿತ್ತು? ವಾಚನಾಲಯಕ್ಕೆ ಒಬ್ಬ ಸದಸ್ಯ ಹೆಚ್ಚಾದ, ನನ್ನ ವಾದ ಮಣ್ಣುಪಾಲಾಯಿತು.

ಅಧಿಕಾರಿಗಳು ಮಧ್ಯದ ದಾರಿ ಹುಡುಕಿದರು. ಹೊರಗೆ ಬೇವಿನ ಮರವಿದೆ, ಕಟ್ಟೆಯಿದೆ, ಅಲ್ಲಿ ಓದಿಕೊಳ್ಳಲಿ. ಯಾರಿಗೂ ತೊಂದರೆಯಿಲ್ಲ. ಇಸ್ಮಾಯಿಲ್ ಸಾಹೇಬರ ಮುಖ ಸ್ವಲ್ಪ ಗೆಲುವಾಯಿತು. ಹಣಮವ್ವನೂ, "ಎಲ್ಲಾರ ಆಗ್ಲಿ ಬಿಡ್ರಿ" ಎಂದಳು. ನಾನೂ ಒಪ್ಪಿಕೊಳ್ಳುವವಳಿದ್ದೆ.

"ಹೊರಗ ಅಲ್ರಿ. ಒಳಗ," ಎಂದರು ವೀರಭದ್ರಪ್ಪನವರು. "ಇವತ್ತ ಹೊರಗ ಕುಂದ್ರಿ ಅಂತೀರಿ. ನಾಳೆ ಪೇಪರ್ ಹೊರಗ ಒಯ್ಯಬಾರದು ಅಂತೀರಿ. ನಾಡದು ಮಳಿ ಬರ್ತದ. ಈ ಕಟ್ಟಡ ಇರೋದು ಯಾರಿಗಿ? ಇವರಿಗಿ ಒಳಗ ಜಾಗ ಇಲ್ಲಂದ್ರ ಇದಕ್ಕ ಸಾರ್ವಜನಿಕ ಅಂತ ಬೋರ್ಡ್ ಯಾಕ?"

ಅವರು ಮುಂದುವರಿಸಿದರು.

"ಇಲ್ಲಿ ಬಂದ್ ಮಾಡ್ರಿ, ಆಗ್ಲಿ. ನಾಳಿ ಸಂಜಿಗಿ ಸೇಡಮದಾಗ ನಾನು ಹಿಂಗೇ ಓದ್ತೀನಿ. ಚಿತ್ತಾಪುರದಾಗ ಈ ಬಾಯಾರ ಓದ್ತಾರ. ವಾಡಿಯಾಗ ಓದ್ತಾರ, ಚಿಂಚೋಳಿಯಾಗ ಓದ್ತಾರ. ಐದೂ ಕಡಿ ವಿಚಾರಣಿ ಇಡ್ರಿ."

ನಾವು ಯಾರೂ ಇದನ್ನು ಮೊದಲೇ ಮಾತಾಡಿಕೊಂಡಿರಲಿಲ್ಲ, ದೇವರಾಣೆ. ಆದರೆ ಎಲ್ಲರ ತಲೆಯೂ ಒಟ್ಟಿಗೆ ಹೌದೆಂದು ಅಲ್ಲಾಡಿತು. ನರಸಿಂಹಲು ಬಹಳ ಮರ್ಯಾದೆಯಿಂದ ಒಂದು ಮಾತು ಸೇರಿಸಿದರು.

"ಚಿಂಚೋಳಿಗಿ ಬರೋದಾದ್ರ ಮುಂಜಾನಿ ಬಸ್ಸಿಗೇ ಬರ್ರಿ ಸರ್. ಮುಂದಿಂದು ಭರವಸಿ ಇಲ್ಲ."

ಅಧಿಕಾರಿಗಳು ಆ ದಿನ ಆಗಲೇ ತಡವಾದ ಗಾಡಿಯಲ್ಲಿ ಬಂದು ಬಸವಳಿದಿದ್ದರು. ಐದು ಊರು, ಐದು ವಿಚಾರಣೆ, ಚಿಂಚೋಳಿಯ ಬಸ್ಸು, ಎಲ್ಲವೂ ಅವರ ಕಣ್ಣ ಮುಂದೆ ಬಂದಿರಬೇಕು. ಬೆವರೊರೆಸಿಕೊಂಡರು. ಆರರಿಂದ ಏಳರವರೆಗೆ ಒಳಗೇ ಗಟ್ಟಿಯಾಗಿ ಓದಬಹುದು, ಉಳಿದ ಹೊತ್ತು ಮೌನ ಎಂದು ಅಲ್ಲೇ ಹೇಳಿ, ಮರುದಿನ ಬರವಣಿಗೆಯಲ್ಲೂ ಕಳಿಸಿದರು. ಹೋಗುವ ಮುಂಚೆ ನನ್ನ ಹತ್ತಿರ ಬಂದು, ಪೋರಿಯನ್ನು ಹಿಂದಿನಿಂದ ಕರೆದವರು ಯಾರು ಎಂದು ಮೆಲ್ಲಗೆ ಕೇಳಿದರು. (ಪಕ್ಕದ ಮನೆಯ ಮೇಷ್ಟ್ರು. ನಿಮಗೂ ಇರಲಿ ಅಂತ ಹೇಳಿದೆ.)

ಗ್ರಂಥಪಾಲಕರಿಗೆ ಸಂಘ ಯಾಕೆ ಬೇಕು ಎಂದು ನನ್ನನ್ನು ಬಹಳ ಜನ ಕೇಳಿದ್ದಾರೆ. ಶಿಕ್ಷಕರಿಗೆ ಬೇಕು, ರೈಲ್ವೆಯವರಿಗೆ ಬೇಕು, ಪುಸ್ತಕದ ಧೂಳು ಹೊಡೆಯುವವರಿಗೆ ಯಾಕೆ? ಈಗ ನನ್ನ ಹತ್ತಿರ ಉತ್ತರ ಇದೆ. ಒಬ್ಬರೇ ಹೋದರೆ ಆಫೀಸಿನಲ್ಲಿ ನಿಲ್ಲಿಸಿ ಮಾತಾಡಿಸುತ್ತಾರೆ. ಐದು ಜನ ಹೋದರೆ ಕುರ್ಚಿ ತರಿಸಬೇಕಾಗುತ್ತದೆ. ಇಸ್ಮಾಯಿಲ್ ಸಾಹೇಬರು ಒಬ್ಬರೇ ಇದ್ದಿದ್ದರೆ ಆ ಬೇವಿನ ಮರದ ಕೆಳಗೆ ಹೋಗಿ, ಮಳೆ ಬಂದ ದಿನ ಮನೆಗೆ ಹೋಗುತ್ತಿದ್ದರು. ಯಾರಿಗೂ ಸುದ್ದಿಯಾಗುತ್ತಿರಲಿಲ್ಲ.

ಇನ್ನು ಕಲ್ಲಿನ ಗತಿ? ಕೀಳೋಣವೆಂದರೆ ಗೋಡೆಯೇ ಬರುತ್ತದೆ. ಕೆತ್ತಿದವರನ್ನೇ ಕರೆದು ಕೇಳಿದೆವು. ಎಲ್ಲಕ್ಕಿಂತ ಕೆಳಗೆ ಒಂದೇ ಒಂದು ಸಾಲಿಗೆ ಜಾಗವಿದೆ ಎಂದರು. ವಾಡಿಯಲ್ಲಿ ಸಭೆ ಸೇರಿ ಆ ಸಾಲು ತಯಾರಿಸಲು ಕೂತೆವು. ನಾನು ಬರೆದದ್ದನ್ನು ಕೆತ್ತಲು ಇನ್ನೊಂದು ಗೋಡೆ ಬೇಕಾಗುತ್ತಿತ್ತು. ಪುಣ್ಯಕ್ಕೆ ಗಾಡಿ ಬಂತು. ಈಗ ಸಂಘದ ಹೆಸರು, ಮೈಸೂರು ರಾಜ್ಯ, ಎಲ್ಲ ಮುಗಿದ ಮೇಲೆ ತುದಿಯಲ್ಲಿ, "ಆರರಿಂದ ಏಳು ಓದಬಹುದು" ಎಂದಿದೆ. ಯಾರಾದರೂ ಹೊಸಬರು ನೋಡಿದರೆ, ಈ ಊರಿನ ವಾಚನಾಲಯದಲ್ಲಿ ದಿನಕ್ಕೆ ಒಂದೇ ತಾಸು ಓದಲು ಬಿಡುತ್ತಾರೆ ಎಂದುಕೊಳ್ಳುತ್ತಾರೆ. ಇರಲಿ. ಐದು ಜನ ಪಂಡಿತರು ಸೇರಿದ ಮೇಲೆ ಅಷ್ಟಾದರೂ ಆಗದಿದ್ದರೆ ಹೇಗೆ?

ಸೇಡಮಿನಲ್ಲೂ ಈಗ ಸಂಜೆ ಓದು ಶುರುವಾಗಿದೆ. ವೀರಭದ್ರಪ್ಪನವರು ಮೊದಲ ದಿನ ಖಾಲಿ ಕುರ್ಚಿಗಳಿಗೆ ಓದಿದರು, ಎರಡನೆಯ ದಿನ ಎದುರಿನ ಕಟಿಂಗ್ ಅಂಗಡಿಯವನಿಗೆ. ಈಗ ಬಾಗಿಲವರೆಗೂ ಜನ. ಕೆಮ್ಮುತ್ತಾರಂತೆ, ಸೀನುತ್ತಾರಂತೆ, ಒಬ್ಬ ಕಡಲೆ ತಿನ್ನುತ್ತಾನಂತೆ. ನನ್ನ ಹತ್ತಿರ ದೂರು ಹೇಳುವಾಗ ಅವರ ಮುಖ ನೋಡಬೇಕು, ಎಷ್ಟು ಸಂತೋಷ.

ಮೊನ್ನೆ ಸೋಮವಾರ ನಾನು ಶಹಾಬಾದಿಗೆ ಹೋಗಿದ್ದೆ. ಮಾಲಕರು ಕೊಟ್ಟ ಮಾತಿಗೆ ತಪ್ಪಿಲ್ಲ. ಆರಕ್ಕೆ ಸರಿಯಾಗಿ ಬಂದು ಎಲ್ಲಕ್ಕಿಂತ ಮುಂದಿನ ಕುರ್ಚಿಯಲ್ಲಿ ಕೂರುತ್ತಾರೆ. ಅವರು ಬಂದು ಕೂತ ಮೇಲೆ ನೆಲದ ಮೇಲಿನ ಮಂದಿ ಸ್ವಲ್ಪ ಬಿಗಿಯಾಗಿರುತ್ತಾರೆ. ಅವರು ಬರುವುದೂ ಅದಕ್ಕೇ ಇರಬೇಕು.

ಅಂದಿನ ಪೇಪರಿನಲ್ಲಿ ಆ ಸುದ್ದಿ ಮತ್ತೆ ಇತ್ತು. ಈ ಸಲ ಮೊದಲ ಪುಟದಲ್ಲೇ. ಕೂಲಿ ಹೆಚ್ಚಿಸುವ ವಿಚಾರ ಇದೆ ಎಂದಲ್ಲ, ಹೆಚ್ಚಿಸಿ ಆದೇಶವಾಗಿದೆ ಎಂದು. ನಾನು ಬರುವಾಗಲೇ ಗಾಡಿಯಲ್ಲಿ ನೋಡಿದ್ದೆ. ಇಸ್ಮಾಯಿಲ್ ಸಾಹೇಬರೂ ನೋಡಿದ್ದರು, ಮಾಲಕರೂ ನೋಡಿದ್ದರೆಂದು ಅವರು ಕುರ್ಚಿಯಲ್ಲಿ ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಇಸ್ಮಾಯಿಲ್ ಸಾಹೇಬರು ಓದುತ್ತಾರೋ, ಆ ಸುದ್ದಿ ಹಾರಿಸುತ್ತಾರೋ? ಅವರು ಹಾರಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಹೆಂಡತಿ ಮಕ್ಕಳಿರುವ ಮನುಷ್ಯ, ಅದೇ ಊರಿನಲ್ಲಿ ಬಾಳಬೇಕು.

ಇಸ್ಮಾಯಿಲ್ ಸಾಹೇಬರು ಕನ್ನಡಕ ಸರಿಮಾಡಿಕೊಂಡರು. ದಿನಾ ಓದುವ ಹಾಗೆಯೇ, ಮೊದಲ ಪುಟದ ಮೊದಲ ಸುದ್ದಿಯಿಂದ ಶುರು ಮಾಡಿದರು. ಅದು ಮುಗಿಯಿತು, ಎರಡನೆಯದು ಮುಗಿಯಿತು, ಮೂರನೆಯದು ಇದೇ. ಓದಿದರು. ದನಿ ಏರಿಸಲಿಲ್ಲ, ಇಳಿಸಲಿಲ್ಲ. ಎಮ್ಮೆ ಕಳೆದದ್ದನ್ನು ಎಷ್ಟು ಸ್ಪಷ್ಟವಾಗಿ ಓದುತ್ತಾರೋ ಅಷ್ಟೇ ಸ್ಪಷ್ಟವಾಗಿ, ಕೊನೆಯ ಸಾಲಿನವರೆಗೆ ಓದಿದರು.

ಮಾಲಕರು ಎದುರಿನ ಗೋಡೆ ನೋಡುತ್ತಿದ್ದರು.

ಹೆಂಗಸರ ಕಡೆಯಿಂದ ಹಣಮವ್ವ ಕತ್ತು ಉದ್ದ ಮಾಡಿ, ಬಹಳ ವಿನಯದಿಂದ ಕೇಳಿದಳು:

"ಮಾಲಕರ, ನಿಮಗ ಛಂದಂಗ ಕೇಳಸ್ತೋ ಇಲ್ಲೋರಿ? ಇಲ್ಲಂದ್ರ ಇನ್ನೊಮ್ಮಿ ಓದ್ಸೋಣು?"